ಕೆಲಸಕ್ಕೆ ವಾಪಸ್ ಸೇರುವ ಅರ್ಜಿ: ಚಿಕ್ಕಮಗಳೂರಿನ ಒಂದು ಟೈಪಿಂಗ್ ಅಂಗಡಿ

ಕೋರ್ಟ್ ಆಸುಪಾಸಿನ ಈ ಅಂಗಡಿಗೆ ಎಸ್ಟೇಟಿನಿಂದ, ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಏಕಾಏಕಿ ಬಿಡಿಸಲ್ಪಟ್ಟವರೂ ಬರುತ್ತಾರೆ. ಕೆಲಸ ಚುರುಕು, ಒತ್ತಕ್ಷರ ತಪ್ಪುವುದಿಲ್ಲ, ಜೆರಾಕ್ಸ್ ಅಲ್ಲೇ. ತಕರಾರು ಇರುವುದು ಕಂಪ್ಯೂಟರಿನಲ್ಲಿ ಕೂತಿರುವ ಹಳೇ ನಮೂನೆಯ ಮೇಲೆ.

ಅದರಲ್ಲಿ ಈಗಲೂ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೇ ಇದೆ. 2025ರ ನವೆಂಬರ್ 21ರಿಂದ ಆ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕಲಮಿನ ನಂಬರ್ ತಪ್ಪಿದರೆ ತಿದ್ದಬಹುದು, ಗಡುವು ತಪ್ಪಿದರೆ ಕಷ್ಟ: ವಜಾ ಆದ ದಿನದಿಂದ ಮೊದಲು 3 ವರ್ಷವಿತ್ತು, ಈಗ 2. ಮೊದಲ ಅರ್ಜಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ. ಅದು ಕೊಟ್ಟು 45 ದಿನ ಕಳೆದ ಮೇಲೆ ನೇರ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು.

ನಮೂನೆಯಲ್ಲಿ ಇಲ್ಲವೇ ಇಲ್ಲದ ಸಾಲು ಒಂದಿದೆ: ‘ಬಿಡಿಸಿದಂದಿನಿಂದ ಬೇರೆಲ್ಲೂ ಸಂಬಳದ ಕೆಲಸ ಸಿಕ್ಕಿಲ್ಲ.’ ಕೆಲಸವಿಲ್ಲದ ಅವಧಿಯ ಹಿಂಬಾಕಿ ಸಂಬಳ ಸಿಗುವುದು ಬಿಡುವುದು ನಿಂತಿರುವುದೇ ಇದರ ಮೇಲೆ. ಕೆಲಸಗಾರ ಇದನ್ನು ಅರ್ಜಿಯಲ್ಲಿ ಹೇಳಿಕೊಳ್ಳಬೇಕು, ಹೇಳಿದ ಮೇಲೆ ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದು 2013ರ ದೀಪಾಲಿ ಗುಂಡು ಸುರ್ವಾಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಡುವೆ ಕೂಲಿಗೆ ಹೋಗಿದ್ದರೆ ಮುಚ್ಚಿಡಬೇಡಿ. ಎಷ್ಟು ದಿನ, ಎಷ್ಟು ಹಣ ಎಂದು ಬರೆಸಿ.

ಕೋರಿಕೆಯ ಜಾಗದಲ್ಲಿ ಇವರು ‘ಮರುನೇಮಕ ಮಾಡಿಸಿ’ ಎಂದಷ್ಟೇ ಹೊಡೆಯುತ್ತಾರೆ. ಮರುನೇಮಕವನ್ನು ಹೊಸ ನೇಮಕವೆಂದೂ ಓದಿಕೊಳ್ಳಲು ಬರುತ್ತದಲ್ಲ! ಅದೇ ಹುದ್ದೆಗೆ ವಾಪಸ್, ಸೇವೆಯ ನಿರಂತರತೆ, ಹಿಂಬಾಕಿ ಸಂಬಳ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ನಡುವಿನದು ಬಿಟ್ಟುಹೋದರೆ ಗ್ರಾಚ್ಯುಟಿಯ ಹಳೇ ವರ್ಷಗಳಿಗೆ ಕುತ್ತು.

ವರ್ಷದಲ್ಲಿ 240 ದಿನ ದುಡಿದದ್ದಕ್ಕೆ ಸಾಕ್ಷಿಯಾಗಿ ಪಿಎಫ್ ಪಾಸ್‌ಬುಕ್ ಲಗತ್ತಿಸಿ. ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪುಸ್ತಕ, ಇರುವುದು ಮಾಲೀಕನ ಬಳಿ. ಅದನ್ನು ಹಾಜರುಪಡಿಸಲು ಬೇರೆಯೇ ಅರ್ಜಿ ಬೇಕು.

ಮೆಚ್ಚಬೇಕಾದದ್ದು, ಆದೇಶ ಬಂದ ಮೇಲೆ ಇವರು ಮಾಡಿಕೊಡುವ ಹಾಜರಿ ಪತ್ರ. ಎರಡು ಪ್ರತಿ, ಜೊತೆಗೆ ಆದೇಶದ ನಕಲು, ದಿನಾಂಕದ ಪಕ್ಕ ಗಂಟೆ ಬರೆಯಲೂ ಜಾಗ. ಒಂದು ಪ್ರತಿಗೆ ಕಚೇರಿಯ ಸೀಲು, ಸಹಿ ಹಾಕಿಸಿಕೊಳ್ಳಿ. ಗೇಟಿನಲ್ಲೇ ತಡೆದರೆ ಅದೇ ದಿನ ಸ್ವೀಕೃತಿ ಸಹಿತ ಅಂಚೆಗೆ ಹಾಕಿ. ಒಳಗೆ ಹೊಸ ನೇಮಕಾತಿ ಪತ್ರ ಮುಂದಿಟ್ಟರೆ ವಕೀಲರಿಗೆ ತೋರಿಸದೆ ಸಹಿ ಬೇಡ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಏರಿದ್ದರೆ ಮಾಲೀಕರ ಜೊತೆ ಜಂಟಿ ಘೋಷಣೆ ಕೊಟ್ಟು ಸರಿಪಡಿಸಬೇಕು. ಆ ಕೆಲಸ ಈ ಅಂಗಡಿಯಲ್ಲಿ ಆಗುವುದಿಲ್ಲ.

ಟೈಪಿಂಗ್‌ಗೆ ಐದಕ್ಕೆ ನಾಲ್ಕು, ಒಕ್ಕಣೆಗೆ ಎರಡು. ಒಕ್ಕಣೆ ನೀವೇ ಬರೆದುಕೊಂಡು ಹೋಗಿ, ಪ್ರಿಂಟ್ ತೆಗೆಯುವ ಮುಂಚೆ ಪರದೆಯ ಮೇಲೇ ಓದಿ ನೋಡಿ.