ಒದ್ದೆ ಹಲ್ಲಿಗೆ ಯಾವ ಬಾಂಡಿಂಗ್ ಏಜೆಂಟ್? ನನ್ನ ವೋಟು ಎರಡು ಬಾಟಲಿಗೇ

ಮೊದಲೇ ಹೇಳ್ಬಿಡ್ತೀನಿ, ದವಡೆ ಹಲ್ಲಿನ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅಂಟಿಸೋ ಬಾಂಡಿಂಗ್ ಏಜೆಂಟ್ ಆಗಿ ಈಗ ನಾನು ಬಳಸೋದು ಕ್ಲಿಯರ್‌ಫಿಲ್ ಎಸ್‌ಇ ಬಾಂಡ್, ಪ್ರೈಮರ್ ಒಂದು ಬಾಟಲಿ, ಬಾಂಡ್ ಇನ್ನೊಂದು. ಅದಕ್ಕೂ ಮುಂಚೆ ಎಚ್ ಮಾಡಿ (ಆಸಿಡ್‌ನಿಂದ ಹಲ್ಲಿನ ಮೇಲ್ಮೈ ಕೊರೆಸಿ) ತೊಳೆದು ಹಚ್ಚೋ, ಅಸಿಟೋನ್ ಬೆರೆತ ಅಂಟಿನ ಬಾಟಲಿ ಇತ್ತು, ಮಧ್ಯೆ ಎಲ್ಲ ಒಂದೇ ಬಾಟಲಿಯಲ್ಲಿರೋ ಒಂದು ಯೂನಿವರ್ಸಲ್ ಕೂಡ ನೋಡಿದ್ದಾಯ್ತು. ಕ್ಲಿನಿಕ್ ಇರೋದು ಉಡುಪಿ ಕಡೆ, ಮಳೆಗಾಲದಲ್ಲಿ ಒಗೆದ ಏಪ್ರನ್ನೇ ಒಣಗಲ್ಲ.

ಅಸಿಟೋನ್ ಬಾಟಲಿಯಲ್ಲಿ ನನಗೆ ತಲೆ ಕೆಟ್ಟಿದ್ದು ಒಂದೇ ವಿಷಯಕ್ಕೆ, ‘ಡೆಂಟಿನ್ (ಹಲ್ಲಿನ ಹೊರಕವಚದ ಕೆಳಗಿನ ಪದರ) ಸ್ವಲ್ಪ ತೇವ ಇರಲಿ’ ಅಂತಾರಲ್ಲ, ಆ ಸ್ವಲ್ಪ ಅಂದ್ರೆ ಎಷ್ಟು? 37% ಫಾಸ್ಫರಿಕ್ ಆಸಿಡ್ 15 ಸೆಕೆಂಡ್ ಇಟ್ಟು ತೊಳೆದ್ರೆ ಡೆಂಟಿನ್ ಮೇಲ್ಪದರದ ಖನಿಜ ಹೋಗಿ ಬರೀ ಕೊಲಾಜೆನ್ ಎಳೆ ಉಳಿಯುತ್ತೆ, ಅದು ಮೀನಿನ ಬಲೆ ತರ, ನೀರಲ್ಲಿದ್ದಾಗ ಹರಡ್ಕೊಂಡಿರುತ್ತೆ, ಮೇಲೆತ್ತಿದ್ರೆ ಮುದ್ದೆ. ಗಾಳಿ ಒಂಚೂರು ಜಾಸ್ತಿ ಹೊಡೆದ್ರೂ ಬಾಟಲಿಯ ರೆಸಿನ್ (ಅಂಟು) ಆ ಎಳೆಗಳ ಒಳಗಿಳಿಯಲ್ಲ, ಆಮೇಲೆ ‘ಡಾಕ್ಟ್ರೇ, ಕಚ್ಚಿದ್ರೆ ಜುಂ ಅನ್ನುತ್ತೆ’ ಅಂತ ಫೋನು. ಸರಿ ಅಂತ ನೀರು ಬಿಟ್ರೆ ರೆಸಿನ್ ಬೇರೆ ನೀರು ಬೇರೆ ಆಗಿ ಪದರದಲ್ಲಿ ಗುಳ್ಳೆ, ಗಟ್ಟಿ ಮಾಡೋ ಲೈಟ್ ಕೊಟ್ರೂ ಅರ್ಧಂಬರ್ಧ ಸೆಟ್ ಆಗುತ್ತೆ.

ಇನ್ನೊಂದು ಮಜಾ, ಎನಾಮಲ್ (ಹಲ್ಲಿನ ಗಟ್ಟಿ ಹೊರಕವಚ) ಸರಿಯಾಗಿ ಎಚ್ ಆಗಿದೆಯಾ ಅಂತ ನೋಡೋಕೆ ಒಣಗಿಸಿ ಆ ಸುಣ್ಣದ ಬಿಳುಪು ಕಾಣಿಸ್ಬೇಕು, ಆದ್ರೆ ಅದೇ ಕ್ಯಾವಿಟಿಯಲ್ಲಿ ಪಕ್ಕದ ಡೆಂಟಿನ್ ಒಣಗಬಾರ್ದು! ಒಣಗಿಸಿ ಮತ್ತೆ ಒದ್ದೆ ಅಪ್ಲಿಕೇಟರ್‌ನಲ್ಲಿ ತೇವ ಮಾಡಿದ್ರೆ ಎಳೆ ಮತ್ತೆ ಉಬ್ಬುತ್ತೆ ನಿಜ, ಆದ್ರೆ ಬಾಯಿ ತೆರ್ಕೊಂಡು ಸುಸ್ತಾಗಿರೋ ಪೇಷಂಟ್ ಮುಂದೆ ಇದನ್ನೆಲ್ಲ ಮಾಡೋ ತಾಳ್ಮೆ ನನಗಿಲ್ಲ. ಮೇಲಿಂದ ಈ ತೇವದ ಹವೆಗೆ ಕಂಪ್ರೆಸರ್ ಟ್ಯಾಂಕಲ್ಲಿ ನೀರು ನಿಂತು ತ್ರೀ-ವೇ ಸಿರಿಂಜ್ (ಬಾಯೊಳಗೆ ಗಾಳಿ, ನೀರು ಬಿಡೋ ಸಾಧನ) ಗಾಳಿ ಜೊತೆ ಹನಿನೂ ಉಗುಳುತ್ತೆ, ಮೌತ್ ಮಿರರ್ ಮೇಲೆ ಒಂದ್ಸಲ ಗಾಳಿ ಬಿಟ್ಟು ನೋಡಿ ಗೊತ್ತಾಗುತ್ತೆ. ಮುಚ್ಚಳ ತೆರೆದಿಟ್ರೆ ಅಸಿಟೋನ್ ಹಾರಿ ಮಿಕ್ಕಿದ್ದು ಗಟ್ಟಿ.

ಎಸ್‌ಇ ಬಾಂಡ್‌ನಲ್ಲಿ ಈ ರಗಳೆ ಇಲ್ಲ, ಯಾಕಂದ್ರೆ ಡೆಂಟಿನ್‌ಗೆ ಆಸಿಡ್ ಜೆಲ್ಲೂ ಇಲ್ಲ, ತೊಳೆಯೋದೂ ಇಲ್ಲ. ಪ್ರೈಮರೇ ಆಸಿಡ್, ಬೇಕಾದ ನೀರೂ ಅದರಲ್ಲೇ ಇದೆ. 20 ಸೆಕೆಂಡ್ ಬಿಟ್ಟು ಗಾಳಿ ಹಿಡಿದು ಒಣಗಿಸಿ, ಬಾಂಡ್ ಹಚ್ಚಿ, 10 ಸೆಕೆಂಡ್ ಲೈಟ್. ಇದರಲ್ಲಿರೋ ಎಂಡಿಪಿ ಅನ್ನೋ ಆಸಿಡ್ ಅಣು ಹಲ್ಲಿನ ಕ್ಯಾಲ್ಸಿಯಂಗೆ ರಾಸಾಯನಿಕವಾಗೇ ಅಂಟ್ಕೊಳ್ಳುತ್ತೆ, ಮೇಲೆ ಬರೋ ಬಾಂಡ್ ಪದರದಲ್ಲಿ ನೀರಿಲ್ಲ, ಅದೇ ನನಗೆ ಇಷ್ಟ. ಎನಾಮಲ್ ಮೇಲೆ ಮಾತ್ರ ಇದರ ಆಸಿಡ್ ಸಾಲಲ್ಲ, ಹಾಗಾಗಿ ಅಂಚಿಗೆ ಮೊದಲೇ ಜೆಲ್ ಹಾಕಿ ತೊಳೆದು ಆಮೇಲೆ ಪ್ರೈಮರ್. ಫ್ರಿಡ್ಜ್‌ನಲ್ಲಿಡ್ಬೇಕು. ದುಡ್ಡೂ ಜಾಸ್ತಿ.

ಯೂನಿವರ್ಸಲ್ ಕೆಟ್ಟದಲ್ಲ, ಡೆಂಟಿನ್ ಒಣಗಿದ್ರೂ ತೇವ ಇದ್ರೂ ಸಂಭಾಳಿಸುತ್ತೆ. ಆದ್ರೆ ಎಲ್ಲ ಒಂದೇ ಬಾಟಲೀಲಿ ಇರೋದ್ರಿಂದ ಸೆಟ್ ಆದ ಪದರಾನೂ ನೀರು ಎಳ್ಕೊಳ್ಳೋ ಜಾತಿ, ಸಾಲ್ವೆಂಟ್ (ರೆಸಿನ್ ಕರಗಿಸಿಟ್ಟ ದ್ರವ) ಪೂರ್ತಿ ಹಾರಿಸದೆ ಲೈಟ್ ಹಿಡಿದ್ರೆ ಹೋಯ್ತು.

ಎಂಜಲು, ರಕ್ತ ತಾಗಿದ್ರೆ ಮೂರೂ ಅಷ್ಟೇ, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಎಂಜಲು ತಡೆಯೋ ರಬ್ಬರ್ ಹಾಳೆ) ಹಾಕಿ.

ದಿನಕ್ಕೆ ನಾಲ್ಕೈದು ಫಿಲ್ಲಿಂಗ್ ಮಾಡೋ ನನ್ನಂಥ ಚಿಕ್ಕ ಕ್ಲಿನಿಕ್‌ಗೆ ಎರಡು ಬಾಟಲಿ ಖರ್ಚು ಗಿಟ್ಟುತ್ತೆ, ಮತ್ತೆ ಮತ್ತೆ ಪುಕ್ಕಟೆ ಫಿಲ್ಲಿಂಗ್ ಬದಲಾಯಿಸೋದು ತಪ್ಪಿದ್ರೆ ಸಾಕು. ಅಲುಗಾಡೋ ಮಕ್ಕಳಿಗೆ ಮಾತ್ರ ಒಂದು ಯೂನಿವರ್ಸಲ್ ಇಟ್ಕೊಂಡಿದ್ದೀನಿ, ಅಸಿಟೋನ್ ಬಾಟಲಿ ಇನ್ನು ತರಿಸಲ್ಲ.