ಒಬ್ಬರೇ ಕೂರುವ ಮೇಜಿಗೂ ಶುಲ್ಕ: ಕಾಸರಗೋಡಿನ ಕೆಫೆಗಳಿಗೆ ಹೋಗುವವರ ಗಮನಕ್ಕೆ

ಕಾಸರಗೋಡಿನಿಂದ ಬೇಕಲದ ಕಡೆಗೆ ಹೋಗುವ ದಾರಿಯ ಕೆಫೆಗಳಲ್ಲಿ ಒಬ್ಬರೇ ಕುಳಿತು ಓದುವ ಅಭ್ಯಾಸವುಳ್ಳವರು, ಕಾಫಿ ತರಿಸುವ ಮುನ್ನ ದರಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆಯ ಹಳೆಯ ಹೋಟೆಲುಗಳಲ್ಲಿ ಚಹಾ ಎಷ್ಟೇ ರುಚಿಯಾಗಿದ್ದರೂ ಏಕಾಂತ ಸಿಗುವುದಿಲ್ಲ. ಎದುರು ಬೆಂಚಿಗೆ ಬಂದವರು ‘ನಿಮಗೆ ಮನೆ ಎಲ್ಲಾಯಿತು?’ ಎಂದು ಕೇಳದೆ ಬಿಡುವವರಲ್ಲ. ಆ ವಿಚಾರಣೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ನನ್ನಂಥವರು ಹೆಚ್ಚು ಹಣ ತೆತ್ತು ಕೆಫೆಗೆ ಹೋಗುತ್ತೇವೆ.

ನಾನು ಹೋಗಿದ್ದ ಕೆಫೆಯಲ್ಲಿ 180 ರೂಪಾಯಿಯ ಕೋಲ್ಡ್ ಕಾಫಿಗೆ ಬಂದ ಬಿಲ್ಲು 323 ರೂಪಾಯಿ 40 ಪೈಸೆ. ದರಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ‘ಟೇಬಲ್ ಚಾರ್ಜ್’ 100 ರೂಪಾಯಿ, ಅವೆರಡೂ ಸೇರಿದ ಮೊತ್ತದ ಮೇಲೆ ಶೇ. 10ರಷ್ಟು ಸೇವಾ ಶುಲ್ಕ, ಅಷ್ಟರ ಮೇಲೂ ಶೇ. 5 ಜಿಎಸ್‌ಟಿ. ತಗ್ಗಿದ ದನಿಯಲ್ಲಿ ವಿಚಾರಿಸಿದಾಗ ಗಲ್ಲಾದಲ್ಲಿದ್ದವರು, ಒಬ್ಬರೇ ಬಂದು ಇಷ್ಟು ಹೊತ್ತು ಜಾಗ ಹಿಡಿದರೆ ತಮಗೆ ನಷ್ಟವಲ್ಲವೇ ಎಂದು, ಸುತ್ತಲಿನ ಮೇಜುಗಳಿಗೆಲ್ಲ ಕೇಳುವಂತೆ ಮಲಯಾಳದಲ್ಲಿ ಹೇಳಿದರು. ಹತ್ತು ಜನರ ಕಣ್ಣು ತನ್ನ ಮೇಲೆ ಬೀಳುವುದಕ್ಕಿಂತ ದುಡ್ಡು ಹೋಗುವುದೇ ಮೇಲೆಂದು ಸಂಕೋಚದ ಗಿರಾಕಿ ಸುಮ್ಮನಾಗುತ್ತಾನೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದಂತಿತ್ತು. ಕುಳಿತುಕೊಳ್ಳುವ ಸಮಯಕ್ಕೆ ಮಿತಿಯನ್ನೋ ಕನಿಷ್ಠ ಖರೀದಿಯ ನಿಯಮವನ್ನೋ ಬಾಗಿಲಲ್ಲೇ ಬರೆದು ಹಾಕಿದ್ದರೆ ನನ್ನ ತಕರಾರಿರುತ್ತಿರಲಿಲ್ಲ. ಜಾಗಕ್ಕೆ ಬಾಡಿಗೆಯಿದೆ ಎಂಬುದು ಯಾರಿಗೂ ಅರ್ಥವಾಗುವ ಮಾತು.

ಸೇವಾ ಶುಲ್ಕದ ವಿಷಯ ಬೇರೆ. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ, ಆಹಾರದ ಬಿಲ್ಲಿಗೆ ಅದನ್ನು ಕೂಡಿಸಿ ಒಟ್ಟು ಮೊತ್ತಕ್ಕೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರ ಮಾರ್ಗಸೂಚಿಯಲ್ಲಿ ತಿಳಿಸಿದೆ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೊಡುವುದೂ ಬಿಡುವುದೂ ಗಿರಾಕಿಯ ಇಚ್ಛೆ. ಆದ್ದರಿಂದ ಬಿಲ್ಲಿನ ಆ ಸಾಲಿನ ಮೇಲೆ ಬೆರಳಿಟ್ಟು ‘ಇದನ್ನು ತೆಗೆಯಿರಿ’ ಎಂದಷ್ಟೇ ಹೇಳಿದರೆ ಸಾಕು, ಕಾರಣ ಕೊಡಬೇಕಾಗಿಲ್ಲ.

ಅಲ್ಲಿಗೂ ತೆಗೆಯದಿದ್ದರೆ ಗಲ್ಲಾದ ಮುಂದೆ ನಿಂತು ವಾದಿಸುವ ಅಗತ್ಯವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ಕರೆ ಮಾಡಬಹುದು. ಫೋನಿನಲ್ಲಿ ಮಾತನಾಡಲೂ ಹಿಂಜರಿಯುವವರು ಅದರ ಜಾಲತಾಣದಲ್ಲಿ ಅಥವಾ ವಾಟ್ಸಾಪಿನಲ್ಲಿ ಬರೆದೇ ದೂರು ಕೊಡಬಹುದು. ನಾನು ಬರೆದೇ ಕೊಟ್ಟೆ. ಮುದ್ರಿತ ಬಿಲ್ಲನ್ನು ಕೇಳಿ ಪಡೆದು, ದರಪಟ್ಟಿಯದೊಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಿರಿ, ಏಕೆಂದರೆ ಯುಪಿಐ ರಸೀದಿಯಲ್ಲಿ ಒಟ್ಟು ಮೊತ್ತವಷ್ಟೇ ಇರುತ್ತದೆಯೇ ಹೊರತು ಯಾವ ಬಾಬಿಗೆ ಎಷ್ಟು ಹಿಡಿದರೆಂಬ ವಿವರ ಇರುವುದಿಲ್ಲ.