ಮಾತ್ರೆ, ಪಂಪ್, ಮೂರು ಥರದ ಇಂಜೆಕ್ಷನ್: ವರ್ಷಗಟ್ಟಲೆ ಬಳಸಿದ ಮೇಲೆ ಉಳಿದದ್ದು ಯಾವುದು?

ಶುಗರ್ ಇರುವ ಗಂಡಸರಿಗೆ ನಿಮಿರುವಿಕೆಯ ತೊಂದರೆ ಬರುವುದು ತುಂಬಾ ಸಾಮಾನ್ಯ. ಶುಗರ್ ಇಲ್ಲದವರಿಗೂ ಬರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40ರಿಂದ 70 ವಯಸ್ಸಿನ ಗಂಡಸರ ಪೈಕಿ ಶೇ 52ರಷ್ಟು ಜನರಿಗೆ ಹೆಚ್ಚೋ ಕಡಿಮೆಯೋ ಈ ತೊಂದರೆ ಇತ್ತು. ಇಷ್ಟು ಜನರಿಗೆ ಬರುವ ತೊಂದರೆ ಬಗ್ಗೆ ನಮ್ಮ ಊರುಗಳಲ್ಲಿ ಕಣ್ಣಿಗೆ ಬೀಳುವುದು ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತ ರೋಗ’ದ ಚೀಟಿ ಮಾತ್ರ. ಬಳಸಿದವರು ಬಾಯಿ ಬಿಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಶುಗರ್ ಶುರುವಾದದ್ದು ನಲವತ್ತರ ಆಸುಪಾಸಿನಲ್ಲಿ. ಐವತ್ತು ದಾಟುವ ಹೊತ್ತಿಗೆ ನಿಮಿರುವುದು ಕಡಿಮೆಯಾಗುತ್ತಾ ಬಂದು, ಆಮೇಲೆ ಹೆಚ್ಚುಕಡಿಮೆ ನಿಂತೇ ಹೋಯಿತು. ಅಲ್ಲಿಂದ ಈಚೆಗೆ ಮಾತ್ರೆ, ಪಂಪ್, ಮೂರು ಬಗೆಯ ಇಂಜೆಕ್ಷನ್ ಬಳಸಿ ನೋಡಿದ್ದೇನೆ. ಇಂಜೆಕ್ಷನ್ ಅಂತೂ ವರ್ಷಗಳಿಂದ ನಡೆದಿದೆ. ಮೊದಲ ತಿಂಗಳು ಯಾವುದು ಜೋರಾಗಿ ಕೆಲಸ ಮಾಡುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು. ಐದಾರು ವರ್ಷ ಆದ ಮೇಲೂ ಗಂಡ ಹೆಂಡತಿ ಇಬ್ಬರೂ ಬೇಸರಪಡದೆ ಮುಂದುವರಿಸುವುದು ಯಾವುದು ಅನ್ನುವುದು ನನಗೆ ಮುಖ್ಯ.

ಹೋಲಿಕೆಗೆ ಮೊದಲು ಒಂದು ಮಾತು. ಶಿಶ್ನಕ್ಕೆ ರಕ್ತ ತರುವ ನಾಳದ ಅಗಲ 1-2 ಮಿಲಿಮೀಟರ್. ಹೃದಯದ ನಾಳ 3-4 ಮಿಲಿಮೀಟರ್. ಕೊಬ್ಬು ಕಟ್ಟಲು ಶುರುವಾದರೆ ಚಿಕ್ಕ ನಾಳ ಮೊದಲು ಸೋಲುತ್ತದೆ. ಹಾಗಾಗಿ ಈ ತೊಂದರೆ ಎಷ್ಟೋ ಜನರಿಗೆ ಹೃದಯದ ಕಾಯಿಲೆಗಿಂತ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ನನ್ನ ಯೂರಾಲಜಿಸ್ಟ್ ಔಷಧಿ ಬರೆಯುವ ಮೊದಲು ಇಸಿಜಿ, ಕೊಲೆಸ್ಟ್ರಾಲ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಪರೀಕ್ಷೆ ಎಲ್ಲ ಮಾಡಿಸಿದರು. ನೀವೂ ಮಾಡಿಸಿ. ಇದನ್ನು ಬಿಟ್ಟು ನೇರವಾಗಿ ಮೆಡಿಕಲ್ ಶಾಪ್‌ಗೆ ಹೋಗಬೇಡಿ.

ಎಲ್ಲರ ಹಾಗೆ ನಾನೂ ಮಾತ್ರೆಯಿಂದಲೇ ಶುರು ಮಾಡಿದೆ. ಸಿಲ್ಡೆನಾಫಿಲ್ (ವಯಾಗ್ರ ಅನ್ನುವುದು ಇದೇ) 50 ಮಿಲಿಗ್ರಾಂ, ಆಮೇಲೆ 100. ಒಂದು ಗಂಟೆ ಮೊದಲು ನುಂಗಬೇಕು. ಜಿಡ್ಡಿನ ಊಟ ಮಾಡಿದ್ದರೆ ಹತ್ತುವುದು ತಡವಾಗುತ್ತದೆ. ಮುದ್ದೆ ಸಾರು ಉಂಡ ದಿನ ಪರವಾಗಿಲ್ಲ, ಬಿರಿಯಾನಿಯೋ ತುಪ್ಪ ಸುರಿದ ಹೋಳಿಗೆಯೋ ಆದ ದಿನ ಕಾದದ್ದೇ ಬಂತು. ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ತಲೆನೋವು, ಇವೂ ಇದ್ದವು. ಟಡಾಲಫಿಲ್ ಇದಕ್ಕಿಂತ ಹಿತವಾಗಿತ್ತು. ಅದರ ಪ್ರಭಾವ 36 ಗಂಟೆವರೆಗೂ ಇರುತ್ತದೆ, ಊಟದ ಲೆಕ್ಕ ಇಡಬೇಕಿಲ್ಲ, ಗಡಿಯಾರ ನೋಡಬೇಕಿಲ್ಲ. ದಿನಕ್ಕೊಂದು 5 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುವ ಪದ್ಧತಿಯೂ ಇದೆ. ತೊಂದರೆ ಇನ್ನೂ ಅರ್ಧಂಬರ್ಧ ಇರುವವರು ಇದರಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಎದೆನೋವಿಗೆ ಸಾರ್ಬಿಟ್ರೇಟ್ ಅಥವಾ ಬೇರೆ ಯಾವುದೇ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರು ಈ ಎರಡೂ ಮಾತ್ರೆಗಳನ್ನು ಮುಟ್ಟಲೇಬಾರದು. ಬಿಪಿ ದಿಢೀರನೆ ಕುಸಿದು ಪ್ರಾಣಕ್ಕೇ ಬರುತ್ತದೆ.

ನನ್ನ ಮಟ್ಟಿಗೆ ಮಾತ್ರೆ ಕೆಲವು ವರ್ಷ ನಡೆದು, ಆಮೇಲೆ ಸೋತಿತು. ಡಾಕ್ಟರು ಕಾರಣ ಬಿಡಿಸಿ ಹೇಳಿದರು. ಮಾತ್ರೆ ತಾನಾಗಿ ಏನನ್ನೂ ಶುರು ಮಾಡುವುದಿಲ್ಲ. ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ನರದಿಂದ ಬಂದರಷ್ಟೇ ಮಾತ್ರೆ ಆ ಕೆಲಸವನ್ನು ಮುಂದುವರಿಸುತ್ತದೆ. ಶುಗರ್‌ನಿಂದ ನರವೇ ಸೊರಗಿದ್ದರೆ, ಇಲ್ಲವೇ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್‌ನಲ್ಲಿ ನರ ಹೋಗಿದ್ದರೆ, ಎಷ್ಟು ಮಾತ್ರೆ ನುಂಗಿದರೂ ಪ್ರಯೋಜನ ಕಡಿಮೆ.

ಪಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಔಷಧಿ ಇಲ್ಲ, ಒಂದು ಸಲ ದುಡ್ಡು ಕೊಟ್ಟರೆ ಆಯಿತು, ಹೃದಯದ ರೋಗಿಗಳಿಗೂ ನಡೆಯುತ್ತದೆ. ಗಾಳಿ ಎಳೆದು ರಕ್ತ ತುಂಬಿಸಿ, ಬುಡಕ್ಕೆ ರಬ್ಬರ್ ಉಂಗುರ ಹಾಕುತ್ತಾರೆ. ಉಂಗುರವನ್ನು 30 ನಿಮಿಷಕ್ಕಿಂತ ಜಾಸ್ತಿ ಇಡಬಾರದು. ಕೆಲಸವೇನೋ ಆಗುತ್ತದೆ. ಆದರೆ ಶಿಶ್ನ ತಣ್ಣಗೆ, ನೀಲಿ ಬಣ್ಣಕ್ಕೆ ತಿರುಗುತ್ತದೆ, ಉಂಗುರದ ಹಿಂದಿನ ಭಾಗ ಗಟ್ಟಿ ಇರುವುದಿಲ್ಲ. ನನ್ನ ಹೆಂಡತಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವಳಿಗೆ ಹಿಡಿಸದ್ದನ್ನು ಇಟ್ಟುಕೊಂಡು ನಾನೇನು ಮಾಡಲಿ? ಪಂಪ್ ಬೀರು ಸೇರಿತು.

ಆಮೇಲೆ ಇಂಜೆಕ್ಷನ್. ಹೆಸರು ಕೇಳಿದರೆ ಎಲ್ಲರಿಗೂ ಎದೆ ಝಲ್ ಅನ್ನುತ್ತದೆ. ಇದು ವಯಾಗ್ರಕ್ಕಿಂತ ಹಳೆಯದು ಅಂತ ಬಹಳ ಜನರಿಗೆ ಗೊತ್ತಿಲ್ಲ. ವಯಾಗ್ರ ಬಂದದ್ದು 1998ರಲ್ಲಿ. ಫ್ರಾನ್ಸಿನ ಸರ್ಜನ್ ರೊನಾಲ್ಡ್ ವಿರಾಗ್ ಪಪಾವರಿನ್ ಅನ್ನುವ ಔಷಧಿಯ ಇಂಜೆಕ್ಷನ್ ಬಗ್ಗೆ 1982ರಲ್ಲೇ ಪ್ರಕಟಿಸಿದ್ದರು. ಮರುವರ್ಷ ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಲಾಸ್ ವೇಗಸ್‌ನ ವೈದ್ಯರ ಸಭೆಗೆ ತಾವೇ ಇಂಜೆಕ್ಷನ್ ಚುಚ್ಚಿಕೊಂಡು ಹೋಗಿ, ಪರಿಣಾಮವನ್ನು ತಮ್ಮ ಮೈಮೇಲೇ ತೋರಿಸಿದರು. ಆ ಧೈರ್ಯಕ್ಕೆ ನನ್ನಂಥವರು ಋಣಿಯಾಗಿರಬೇಕು. ಔಷಧಿ ನೇರವಾಗಿ ಶಿಶ್ನದ ಒಳಗಿನ ಸ್ನಾಯುವನ್ನು ಸಡಿಲ ಮಾಡಿ ರಕ್ತ ತುಂಬಿಸುತ್ತದೆ. ನರದ ಅಪ್ಪಣೆ ಬೇಕಿಲ್ಲ. ಮಾತ್ರೆ ಸೋತಲ್ಲಿ ಇದು ಗೆಲ್ಲುವುದು ಇದೇ ಕಾರಣಕ್ಕೆ.

ಸೂಜಿಯ ನೋವಿನ ಬಗ್ಗೆ ಹೇಳಿಬಿಡುತ್ತೇನೆ. ಇನ್ಸುಲಿನ್ ಹಾಕುವ ಕೂದಲೆಳೆಯಂಥ ಸೂಜಿ ಅದು. ಇನ್ಸುಲಿನ್ ಹೊಟ್ಟೆಗೆ ಚುಚ್ಚಿಕೊಂಡು ಅಭ್ಯಾಸ ಇರುವವರಿಗೆ ಅದಕ್ಕಿಂತ ಬೇರೆ ಅನ್ನಿಸುವುದಿಲ್ಲ. ಮೊದಲ ಸಲ ಭಯ ನಿಜ. ಅದನ್ನು ಡಾಕ್ಟರ ಎದುರಲ್ಲೇ ಕಳೆದುಕೊಳ್ಳಬೇಕು. ಶಿಶ್ನದ ಮೇಲ್ಗಡೆ ನಟ್ಟನಡುವೆ ನರ, ರಕ್ತನಾಳಗಳಿವೆ. ಕೆಳಗಡೆ ಮೂತ್ರನಾಳ ಇದೆ. ಹಾಗಾಗಿ ಚುಚ್ಚುವುದು ಪಕ್ಕದಲ್ಲಿ, ಒಂದು ಸಲ ಎಡಕ್ಕೆ, ಮುಂದಿನ ಸಲ ಬಲಕ್ಕೆ. ಸೂಜಿ ತೆಗೆದ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಜಾಸ್ತಿ ಹೊತ್ತು.

ಈಗ ಮೂರು ಬಗೆಗಳು. ನನಗೆ ಮೊದಲು ಕೊಟ್ಟದ್ದು ಪಪಾವರಿನ್ ಒಂದೇ. ಅಗ್ಗ, ಫ್ರಿಜ್ ಬೇಕಿಲ್ಲ, ನೋವಿಲ್ಲ. ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತಿತ್ತು. ಎಷ್ಟೋ ವರ್ಷಗಳ ನಂತರ ನಮ್ಮಿಬ್ಬರಿಗೂ ಕಳೆದುಹೋದದ್ದು ಸಿಕ್ಕ ಹಾಗಾಯಿತು. ಆರಂಭದಲ್ಲಿ ನನ್ನನ್ನು ಕೇಳಿದ್ದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅನ್ನುತ್ತಿದ್ದೆ. ತೊಂದರೆ ಕಾಣಿಸಿದ್ದು ದಿನ ಕಳೆದ ಮೇಲೆ. ಪಪಾವರಿನ್ ಮಾತ್ರ ಬಳಸುವವರಲ್ಲಿ ಎರಡು ಅಪಾಯ ಉಳಿದವಕ್ಕಿಂತ ಜಾಸ್ತಿ. ಒಂದು, ಗಂಟೆಗಟ್ಟಲೆ ಇಳಿಯದೇ ಇರುವುದು. ಇನ್ನೊಂದು, ಚುಚ್ಚಿದ ಕಡೆ ಒಳಗೆ ಗಂಟು ಕಟ್ಟುವುದು. ನನಗೆ ಎಡಗಡೆ ಕಡಲೆಕಾಳಿನ ಗಾತ್ರದ ಗಂಟು ಡಾಕ್ಟರ ಬೆರಳಿಗೆ ಸಿಕ್ಕಿತು. ಹಾಗೇ ಬಿಟ್ಟರೆ ಅಂಥ ಗಂಟಿನಿಂದ ಶಿಶ್ನ ಬಾಗಬಹುದು. ಅವರು ಕೂಡಲೇ ನಿಲ್ಲಿಸಿದರು.

ಸ್ವಲ್ಪ ಕಾಲ ಬಿಟ್ಟು ಆಲ್ಪ್ರೊಸ್ಟಡಿಲ್ ಶುರುವಾಯಿತು. ಇದು ಪ್ರೊಸ್ಟಗ್ಲಾಂಡಿನ್ ಇ1, ನಮ್ಮ ದೇಹದಲ್ಲೇ ಇರುವ ವಸ್ತು. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕ ಕ್ಯಾವರ್ಜೆಕ್ಟ್ ಇದೇ ಔಷಧಿ. ಗಂಟು ಕಟ್ಟುವುದು ಕಡಿಮೆ, ಇಳಿಯದೇ ನಿಲ್ಲುವುದೂ ಕಡಿಮೆ. ಸುರಕ್ಷತೆ ಮಾತ್ರ ನೋಡಿದರೆ ಪಪಾವರಿನ್‌ಗಿಂತ ಇದೇ ವಾಸಿ. ಆದರೆ ನೋವು! ಸೂಜಿಯದಲ್ಲ, ಔಷಧಿಯದು. ಒಳಗಿನಿಂದ ಹಿಂಡಿದ ಹಾಗೆ ಮಂದ ನೋವು, ಇಳಿಯುವ ತನಕವೂ ಬಿಡುವುದಿಲ್ಲ. ಕ್ಯಾವರ್ಜೆಕ್ಟ್‌ನ ಪರೀಕ್ಷೆಗಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ನೋವು ಹೇಳಿಕೊಂಡಿದ್ದರು. ಕೆಲವರಿಗೆ ದಿನ ಕಳೆದಂತೆ ಕಡಿಮೆಯಾಗುತ್ತದೆ. ನನಗೆ ಆಗಲಿಲ್ಲ. ನಾನು ಹಲ್ಲು ಕಚ್ಚಿಕೊಂಡಿದ್ದನ್ನು ಕಂಡು ಹೆಂಡತಿಯೇ ಹೇಳಿದಳು, “ನಿಮಗೆ ನೋವಾಗುತ್ತೆ ಅಂದ್ರೆ ನನಗೆ ಹೇಗ್ರೀ ಸಂತೋಷ ಆಗುತ್ತೆ? ಇದು ಬೇಡ ಬಿಡಿ.” ಅವತ್ತಿಗೆ ಅದು ಮುಗಿಯಿತು. ನೋವು ಬಾರದ ಅದೃಷ್ಟವಂತರಿಗೆ ಮಾತ್ರ ಆಲ್ಪ್ರೊಸ್ಟಡಿಲ್ ಒಂದೇ ಸಾಕು, ಬೇರೆಯದಕ್ಕೆ ಹೋಗಬೇಕಿಲ್ಲ.

ಮೂರನೆಯದು ಟ್ರೈಮಿಕ್ಸ್. ಪಪಾವರಿನ್, ಫೆಂಟೊಲಮಿನ್, ಆಲ್ಪ್ರೊಸ್ಟಡಿಲ್, ಮೂರನ್ನೂ ಸ್ವಲ್ಪ ಸ್ವಲ್ಪ ಸೇರಿಸಿದ್ದು. ಸಾಮಾನ್ಯವಾಗಿ ಒಂದು ಎಂಎಲ್‌ನಲ್ಲಿ 30 ಮಿಲಿಗ್ರಾಂ ಪಪಾವರಿನ್, 1 ಮಿಲಿಗ್ರಾಂ ಫೆಂಟೊಲಮಿನ್, 10 ಮೈಕ್ರೊಗ್ರಾಂ ಆಲ್ಪ್ರೊಸ್ಟಡಿಲ್ ಇರುತ್ತದೆ. ಮೂರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಕೆಲಸ ಮಾಡುವುದರಿಂದ ಒಂದೊಂದೂ ಕಡಿಮೆ ಸಾಕು. ಆಲ್ಪ್ರೊಸ್ಟಡಿಲ್ ಕಡಿಮೆಯಾದ್ದರಿಂದ ನೋವು ಕಡಿಮೆ. ಪಪಾವರಿನ್ ಕಡಿಮೆಯಾದ್ದರಿಂದ ಗಂಟಿನ ಭಯ ಕಡಿಮೆ. ನನಗೆ ಉಳಿದದ್ದು ಇದೇ. ಈಗಲೂ ಇದರಲ್ಲೇ ಇದ್ದೇನೆ.

ಇದರ ಕಷ್ಟ ಔಷಧಿಯನ್ನು ಇಟ್ಟುಕೊಳ್ಳುವುದರಲ್ಲಿ. ಮೂರನ್ನೂ ಬೆರೆಸಿಟ್ಟ ಬಾಟಲಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸರಕಲ್ಲ, ಹೇಳಿ ಮಾಡಿಸಬೇಕು. ಅಮೆರಿಕದಲ್ಲಿರುವ ನನ್ನ ಸ್ನೇಹಿತನಿಗೆ ಕಾಂಪೌಂಡಿಂಗ್ ಫಾರ್ಮಸಿ ಅನ್ನುವ ಅಂಗಡಿಗಳು ಬೆರೆಸಿ ಕೊಡುತ್ತವೆ. ನನಗೆ ಡಾಕ್ಟರ ಕ್ಲಿನಿಕ್‌ನಲ್ಲೇ ಬೆರೆಸಿ ಕೊಡುತ್ತಾರೆ. ಆಲ್ಪ್ರೊಸ್ಟಡಿಲ್ ಬಿಸಿಗೆ ಬೇಗ ಕೆಡುತ್ತದೆ, ಹಾಗಾಗಿ ಫ್ರಿಜ್ ಬೇಕೇ ಬೇಕು. ಕೂಡು ಕುಟುಂಬದಲ್ಲಿ ಅಡುಗೆಮನೆ ಫ್ರಿಜ್ ಎಲ್ಲರದೂ ಅಲ್ವಾ? ನನ್ನ ಇನ್ಸುಲಿನ್ ಡಬ್ಬಿಯಲ್ಲೇ ಇದನ್ನೂ ಇಡುತ್ತೇನೆ, ಆದರೆ ಬಾಟಲಿಗೆ ಕೆಂಪು ಟೇಪ್ ಸುತ್ತಿ, ಇನ್ಸುಲಿನ್ ಜತೆ ಅದಲುಬದಲು ಆಗದ ಹಾಗೆ. ಬೇಸಿಗೆಯಲ್ಲಿ ಕರೆಂಟ್ ತುಂಬಾ ಹೊತ್ತು ಹೋದರೆ ಆ ಬಾಟಲಿಯ ಶಕ್ತಿ ಕುಂದಿರುವುದು ಗೊತ್ತಾಗುತ್ತದೆ. ಹಾಗಂತ ಪ್ರಮಾಣ ಏರಿಸಬಾರದು, ಹೊಸದು ತರಬೇಕು. ಪ್ರಯಾಣಕ್ಕೆ ಐಸ್ ಪ್ಯಾಕ್ ಇರುವ ಚೀಲ. ಪದೇ ಪದೇ ಊರೂರು ಸುತ್ತುವ ಕೆಲಸದವರಿಗೆ ಈ ರಗಳೆ ನಿಜವಾಗಿ ಜಾಸ್ತಿಯೇ.

ಸಿರಿಂಜ್ ವಿಷಯವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಥರ. ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಯು-100ರಲ್ಲಿ 10ರ ಗೆರೆ ಅಂದರೆ 0.1 ಎಂಎಲ್. ಯು-40ರಲ್ಲಿ ಅದೇ 10ರ ಗೆರೆ ಅಂದರೆ 0.25 ಎಂಎಲ್. ಎರಡೂವರೆ ಪಟ್ಟು! ಡಾಕ್ಟರು ಬರೀ “ಹತ್ತು ಗೆರೆ” ಅಂದು, ಅಂಗಡಿಯವನು ಇನ್ನೊಂದು ಸಿರಿಂಜ್ ಕೊಟ್ಟರೆ ಆ ರಾತ್ರಿ ಆಸ್ಪತ್ರೆಯೇ ಗತಿ. ಪ್ರಮಾಣವನ್ನು ಯಾವಾಗಲೂ ಎಂಎಲ್ ಲೆಕ್ಕದಲ್ಲಿ ಬರೆಸಿಕೊಳ್ಳಿ. ಇನ್ನೊಬ್ಬರ ಪ್ರಮಾಣ ಕೇಳಿ ನೀವು ಹಾಕಿಕೊಳ್ಳಬೇಡಿ. ನರದ ತೊಂದರೆ ಮಾತ್ರ ಇರುವವರಿಗೆ ತೀರಾ ಚೂರು ಸಾಕಾಗುತ್ತದೆ, ರಕ್ತನಾಳ ಕೆಟ್ಟಿರುವವರಿಗೆ ಜಾಸ್ತಿ ಬೇಕಾಗುತ್ತದೆ. ಅದಕ್ಕೇ ನಾನು ನನ್ನದನ್ನು ಇಲ್ಲಿ ಬರೆಯುತ್ತಿಲ್ಲ.

ಮೂರೂ ಇಂಜೆಕ್ಷನ್‌ಗೆ ಒಂದೇ ಕಟ್ಟುನಿಟ್ಟು. ದಿನಕ್ಕೆ ಒಂದೇ ಸಲ, ವಾರಕ್ಕೆ ಮೂರಕ್ಕಿಂತ ಜಾಸ್ತಿ ಇಲ್ಲ. ಒಂದು ಸಲ ಹಾಕಿ ಸರಿಯಾಗಲಿಲ್ಲ ಅಂತ ಅದೇ ರಾತ್ರಿ ಎರಡನೆಯದು ಹಾಕಲೇಬಾರದು. ಸಿಕಲ್ ಸೆಲ್ ಕಾಯಿಲೆ, ರಕ್ತದ ಕ್ಯಾನ್ಸರ್ ಇರುವವರಿಗೆ ಇದು ಆಗದು. ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಎಮರ್ಜೆನ್ಸಿಗೆ ಹೋಗಬೇಕು. ಅಲ್ಲಿ ನಿಂತ ರಕ್ತ ತೆಗೆದು, ರಕ್ತನಾಳ ಕುಗ್ಗಿಸುವ ಫಿನೈಲೆಫ್ರಿನ್ ಔಷಧಿ ಕೊಟ್ಟು ಇಳಿಸುತ್ತಾರೆ. ನಾಚಿಕೆಯಿಂದ “ಬೆಳಿಗ್ಗೆ ನೋಡೋಣ” ಅಂತ ಮಲಗಿದರೆ ಒಳಗಿನ ಸ್ನಾಯು ಆಮ್ಲಜನಕ ಇಲ್ಲದೆ ಸಾಯುತ್ತದೆ. ಆಮೇಲೆ ಯಾವ ಮಾತ್ರೆ, ಯಾವ ಇಂಜೆಕ್ಷನ್ನೂ ಕೆಲಸಕ್ಕೆ ಬರುವುದಿಲ್ಲ.

ಇಂಜೆಕ್ಷನ್ ಶುರು ಮಾಡಿದವರಲ್ಲಿ ಅರ್ಧಕ್ಕೇ ಬಿಡುವವರು ಬಹಳ. ಕೆಲಸ ಮಾಡದೆ ಬಿಡುವವರಿಗಿಂತ ಬೇಸರಕ್ಕೆ ಬಿಡುವವರೇ ಜಾಸ್ತಿ ಅಂತ ನನ್ನ ಡಾಕ್ಟರು ಹೇಳುತ್ತಾರೆ. ಮಧ್ಯೆ ಎದ್ದು ಹೋಗಿ ಬಾತ್‌ರೂಮಿನಲ್ಲಿ ಒಬ್ಬನೇ ಚುಚ್ಚಿಕೊಂಡು ಬರುವುದು ನನಗೂ ಬೇಸರವಾಗಿತ್ತು. ಅದನ್ನು ತಪ್ಪಿಸಿದವಳು ನನ್ನ ಹೆಂಡತಿ. ಈಗ ಕೋಣೆಯಲ್ಲೇ, ಅವಳ ಎದುರಲ್ಲೇ ಹಾಕಿಕೊಳ್ಳುತ್ತೇನೆ. ಕೆಲವು ಸಲ ಅವಳೇ ಒತ್ತಿ ಹಿಡಿಯುತ್ತಾಳೆ. ಡಾಕ್ಟರ ಹತ್ತಿರ ಮೊದಲ ದಿನವೇ ಹೆಂಡತಿಯನ್ನು ಕರೆದುಕೊಂಡು ಹೋಗಿ ಅನ್ನುವುದು ನನ್ನ ಕಳಕಳಿಯ ಮಾತು.

ಇನ್ನೊಂದು ದಾರಿ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಶಿಶ್ನದ ಒಳಗೇ ಇಡುವ ಸಾಧನ. ನಾನು ಮಾಡಿಸಿಲ್ಲ, ಹಾಗಾಗಿ ಹೋಲಿಸುವುದಿಲ್ಲ. ಗಾಳಿ ಪಂಪಿನಂತೆ ಉಬ್ಬಿಸುವ, ಒಳಗೆ ಉಪ್ಪುನೀರು ತುಂಬಿಕೊಳ್ಳುವ ವಿದೇಶಿ ಇಂಪ್ಲಾಂಟ್‌ಗಳು ತುಂಬಾ ದುಬಾರಿ. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ಶಾ ಇಂಪ್ಲಾಂಟ್ ಬಾಗಿಸಬಹುದಾದ ಸರಳ ಬಗೆ, ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ. ಒಮ್ಮೆ ಹಾಕಿಸಿದರೆ ಹಳೆಯ ಸ್ಥಿತಿಗೆ ಮರಳುವಂತಿಲ್ಲ. ಟ್ರೈಮಿಕ್ಸ್ ಸಾಕಾಗದ ದಿನ ಬಂದರೆ ಯೋಚಿಸುತ್ತೇನೆ. ‘ಆಯುರ್ವೇದಿಕ್ ಪವರ್’ ಅಂತ ಮಾರುವ ಹೆಸರಿಲ್ಲದ ಕ್ಯಾಪ್ಸೂಲ್‌ಗಳಿಂದ ಮಾತ್ರ ದೂರ ಇರಿ. ಅಂಥವುಗಳಲ್ಲಿ ಹೇಳದೆ ಕೇಳದೆ ಸಿಲ್ಡೆನಾಫಿಲ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಸಾರ್ಬಿಟ್ರೇಟ್ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಇಂಜೆಕ್ಷನ್ ಶುರು ಮಾಡುವವರು ಮೊದಲ ಭೇಟಿಯಲ್ಲೇ ಇಷ್ಟು ಕೇಳಿ, ಬರೆಸಿಕೊಳ್ಳಿ: ಬಾಟಲಿಯಲ್ಲಿ ಯಾವ ಔಷಧಿ ಎಷ್ಟಿದೆ, ನನ್ನ ಪ್ರಮಾಣ ಎಷ್ಟು ಎಂಎಲ್, ಯಾವ ಬಣ್ಣದ ಮುಚ್ಚಳದ ಸಿರಿಂಜ್, ಬೆರೆಸಿದ್ದು ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತದೆ, ರಾತ್ರಿ ಎರಡು ಗಂಟೆಗೆ ಇಳಿಯದಿದ್ದರೆ ಯಾವ ಆಸ್ಪತ್ರೆಗೆ ಹೋಗಲಿ. ಆಮೇಲೆ ಕೆಲವು ತಿಂಗಳಿಗೊಮ್ಮೆ ಹೋಗಿ ಗಂಟು ಇದೆಯಾ ಅಂತ ತೋರಿಸಿಕೊಂಡು ಬನ್ನಿ, ಎಲ್ಲ ಸರಿ ಇದೆ ಅನ್ನಿಸಿದರೂ.